ಶ್ರಾವಕರ ಕಿವಿಗೆ ತಲುಪದ ಶ್ರುತ

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಜೈನಧರ್ಮವು ವಿಶೇಷ ಸ್ಥಾನವನ್ನು ನೀಡಿದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಜೈನರ ಹೆಮ್ಮೆಯ ನೆನಪು. ಇಂದು ಬಸದಿಗಳ ಆಡಳಿತ ಮಂಡಳಿಗಳೂ ಸಮಾಜದ ಟ್ರಸ್ಟುಗಳೂ ಜಾಲತಾಣಗಳ ಮೂಲಕ ಗ್ರಂಥಗಳನ್ನು, ಪೂಜಾವಿಧಿಗಳನ್ನು, ವಿದ್ಯಾರ್ಥಿವೇತನದ ಪ್ರಕಟಣೆಗಳನ್ನು ಮನೆಮನೆಗೆ ತಲುಪಿಸುತ್ತಿರುವುದು ಆ ಪರಂಪರೆಯ ಮುಂದುವರಿಕೆಯೇ ಸರಿ. ಆದರೆ ದಾನವು ಪಡೆಯುವವನ ಕೈಗೆ ಮುಟ್ಟಿದಾಗ ಮಾತ್ರ ದಾನವೆನಿಸುತ್ತದೆ. ಈ ಅಳತೆಯಿಂದ ನೋಡಿದರೆ ದೃಷ್ಟಿ ಇಲ್ಲದವರ ಮತ್ತು ದೃಷ್ಟಿ ಮಂದವಾದವರ ಪಾಲಿಗೆ ಇಂತಹ ಅನೇಕ ತಾಣಗಳು ಬಾಗಿಲು ಮುಚ್ಚಿದ ಭಂಡಾರಗಳಾಗಿವೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಇವರಲ್ಲಿ ಅನೇಕರು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಕಂಪ್ಯೂಟರನ್ನೂ ಮೊಬೈಲನ್ನೂ ಬಳಸುತ್ತಾರೆ. ಅದು ಪರದೆಯ ಮೇಲಿನ ಅಕ್ಷರಗಳನ್ನು ಧ್ವನಿಯಾಗಿ ಪರಿವರ್ತಿಸಿ ಓದುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ಯುವಕ ಮೈಕೇಲ್ ಕರನ್ ಆರಂಭಿಸಿದ ಎನ್‌ವಿಡಿಎ ತಂತ್ರಾಂಶವು ಉಚಿತವಾಗಿಯೇ ದೊರೆಯುತ್ತದೆ. ಅಲ್ಪದೃಷ್ಟಿಯವರು ಅಕ್ಷರಗಳನ್ನು ಹಲವು ಪಟ್ಟು ಹಿಗ್ಗಿಸಿಕೊಂಡು ಓದುತ್ತಾರೆ. ಸಾಧನಗಳು ಸಿದ್ಧವಾಗಿವೆ, ಅವುಗಳಿಗೆ ಎಡೆಗೊಡದಿರುವುದು ತಾಣಗಳನ್ನು ಕಟ್ಟುವ ರೀತಿ.

ಮೊದಲನೆಯ ದೋಷ ಗ್ರಂಥಗಳದ್ದು. ಹಳೆಯ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಗೆಯೇ ಏರಿಸಿದರೆ ಅದು ಕೇವಲ ಚಿತ್ರ. ಅದರಲ್ಲಿ ಧ್ವನಿಯಂತ್ರಕ್ಕೆ ಓದಲು ಒಂದಕ್ಷರವೂ ಇರುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಿವಿಗೆ ಬೀಳುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಈ ಅಭ್ಯಾಸ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಪಂಚಕಲ್ಯಾಣದ ಆಮಂತ್ರಣವನ್ನು ವಿವರಣೆಯಿಲ್ಲದ ಚಿತ್ರವಾಗಿ ಹಾಕಿದರೆ ಅಂಧ ಶ್ರಾವಕನಿಗೆ ತಿಥಿಯೂ ತಿಳಿಯದು, ಸ್ಥಳವೂ ತಿಳಿಯದು. ಕಾಣಿಕೆಯ ಪುಟದಲ್ಲಿ ಗುಂಡಿಗಳಿಗೆ ಹೆಸರಿಲ್ಲದಿದ್ದರೆ ಅವನಿಗೆ ಕೇಳಿಸುವುದು ‘ಬಟನ್, ಬಟನ್’ ಎಂಬ ಮಾತು ಮಾತ್ರ. ಹಳದಿ ಹಿನ್ನೆಲೆಯ ಮೇಲಿನ ಚಿನ್ನದ ಬಣ್ಣದ ಅಕ್ಷರಗಳು ಪೊರೆ ಬಂದ ಕಣ್ಣಿಗೆ ಕಾಣುವುದಿಲ್ಲ. ಹಿಗ್ಗಿಸಿದಾಗ ಸಾಲುಗಳು ಪರದೆಯ ಅಗಲಕ್ಕೆ ಹೊಂದಿಕೊಳ್ಳದಿದ್ದರೆ ಪ್ರತಿಯೊಂದು ಸಾಲಿಗೂ ಪುಟವನ್ನು ಎಡಬಲಕ್ಕೆ ಎಳೆಯಬೇಕಾಗುತ್ತದೆ. ಈ ದೋಷ ಒಂದು ಸಮಾಜಕ್ಕೆ ಸೀಮಿತವಲ್ಲ. ವೆಬ್‌ಏಮ್ ಸಂಸ್ಥೆಯು 2025ರಲ್ಲಿ ಹತ್ತು ಲಕ್ಷ ಮುಖಪುಟಗಳನ್ನು ಪರೀಕ್ಷಿಸಿದಾಗ ಶೇಕಡಾ 94.8ರಲ್ಲಿ ಇಂತಹ ತಪ್ಪುಗಳು ಕಂಡುಬಂದವು. ಆದರೆ ಲೋಕದ ರೂಢಿ ಧರ್ಮಕ್ಕೆ ಪ್ರಮಾಣವಾಗಲಾರದು.

ಮೂಡುಬಿದಿರೆಯ ಧವಲಾ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಪ್ರತಿಗಳು ಹೊರಬಂದು, 1939ರಿಂದ ಮುದ್ರಣವಾಗತೊಡಗಿದ ಮೇಲೆ ಅವು ಅಧ್ಯಯನಕ್ಕೆ ಒದಗಿದವು. ಓದಿಸಿಕೊಳ್ಳಲಾರದ ಚಿತ್ರವಾಗಿ ಶಾಸ್ತ್ರವನ್ನು ಜಾಲದಲ್ಲಿಡುವುದೆಂದರೆ ಅದನ್ನು ಮರಳಿ ದರ್ಶನದ ವಸ್ತುವಾಗಿಸಿದಂತೆ. ಅಂಧನಿಗಂತೂ ಆ ದರ್ಶನವೂ ಇಲ್ಲ.

ಮನೆಯವರು ಓದಿ ಹೇಳಬಾರದೇ ಎಂದು ಕೆಲವರು ಕೇಳುವುದುಂಟು. ಹೇಳಬಹುದು, ಅದು ಪುಣ್ಯಕಾರ್ಯವೂ ಹೌದು. ಆದರೆ ಸ್ವಾಧ್ಯಾಯವು ಗೃಹಸ್ಥನ ಷಟ್ಕರ್ಮಗಳಲ್ಲಿ ಒಂದು. ಅದನ್ನು ಇನ್ನೊಬ್ಬರ ಬಿಡುವಿಗೆ ಕಟ್ಟಿಹಾಕುವುದು ಸರಿಯಲ್ಲ. ಗುಪ್ತದಾನ ಮಾಡಬಯಸುವವನು ತನ್ನ ಬ್ಯಾಂಕಿನ ಗುಟ್ಟನ್ನು ಮತ್ತೊಬ್ಬರ ಮುಂದೆ ತೆರೆದಿಡಬೇಕಾಗುವುದೂ ಉಚಿತವಲ್ಲ. ಅಂಧರು ಎಷ್ಟು ಮಂದಿ ಎಂದು ಕೇಳುವವರು, ಅಕ್ಷರವನ್ನು ಹಿಗ್ಗಿಸಿ ಓದಬೇಕಾದ ಹಿರಿಯರು ಪ್ರತಿಯೊಂದು ಮನೆತನದಲ್ಲಿಯೂ ಇರುವುದನ್ನು ಮರೆಯಬಾರದು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಕ್ಕೆ ಒಡ್ಡುವ ಅಂತರಾಯವನ್ನು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳಲ್ಲಿ ಒಂದಾಗಿ ಎಣಿಸುತ್ತದೆ. ಜಾಲತಾಣ ಕಟ್ಟಿಸಿದವರಲ್ಲಿ ದ್ವೇಷವಾಗಲಿ ಮಾತ್ಸರ್ಯವಾಗಲಿ ಇಲ್ಲವೆಂಬುದು ನಿಜ. ಇಲ್ಲಿರುವುದು ಪ್ರಮಾದ. ಆದರೆ ನಡೆಯುವಾಗ ನೆಲ ನೋಡಿ ಹೆಜ್ಜೆಯಿಡಬೇಕೆನ್ನುವ ಧರ್ಮದಲ್ಲಿ ಪ್ರಮಾದವು ಕ್ಷುಲ್ಲಕ ದೋಷವಲ್ಲ. ನಾಡಿನ ಕಾನೂನು ಕೂಡ ಇದನ್ನು ಕಡೆಗಣಿಸಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಾಹಿತಿಯ ಸುಗಮತೆಯನ್ನು ಕಡ್ಡಾಯದ ಕರ್ತವ್ಯವೆಂದು ಪರಿಗಣಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಡನೆ ಸೇರಿಸಿ ತೀರ್ಪಿತ್ತಿದೆ.

ಪರಿಹಾರ ದುಬಾರಿಯಲ್ಲ. ಪಠ್ಯವನ್ನು ಯೂನಿಕೋಡ್‌ನಲ್ಲಿ ಕೊಡುವುದು, ಚಿತ್ರಕ್ಕೆ ವಿವರಣೆ ಬರೆಯುವುದು, ಗುಂಡಿಗಳಿಗೆ ಹೆಸರಿಡುವುದು, ಅಂತಾರಾಷ್ಟ್ರೀಯ ಮಾರ್ಗಸೂಚಿಯಂತೆ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಿಸುವುದು, ಅಕ್ಷರ ಇಮ್ಮಡಿಯಾದರೂ ಪುಟ ಕೆಡದಂತೆ ನೋಡಿಕೊಳ್ಳುವುದು: ಇವನ್ನು ತಾಣ ಕಟ್ಟುವವರೊಡನೆ ಮಾಡಿಕೊಳ್ಳುವ ಕರಾರಿನಲ್ಲಿಯೇ ಬರೆಯಿಸಬೇಕು. ಕೊನೆಯ ಕಂತನ್ನು ಪಾವತಿಸುವ ಮೊದಲು ಸಮಾಜದ ಒಬ್ಬ ಅಂಧ ಬಂಧುವಿನಿಂದಲೂ ಒಬ್ಬ ವೃದ್ಧರಿಂದಲೂ ತಾಣವನ್ನು ಪರೀಕ್ಷೆ ಮಾಡಿಸಬೇಕು. ಸ್ಕ್ಯಾನ್ ಮಾಡಿದ ಗ್ರಂಥಗಳನ್ನು ಪಠ್ಯವಾಗಿ ಪರಿವರ್ತಿಸಿ, ಕರಡು ತಿದ್ದಿ, ವರ್ಷಕ್ಕೊಂದರಂತೆ ಶ್ರುತಪಂಚಮಿಯಂದು ಪ್ರಕಟಿಸಬಹುದು.

ಶ್ರಾವಕನೆಂದರೆ ಕೇಳುವವನು. ಕೇಳಿಯೇ ತಿಳಿಯಬೇಕಾದ ಬಂಧುವಿಗೆ ಜಿನವಾಣಿಯನ್ನು ಕೇಳಿಸುವ ಹೊಣೆಯನ್ನು ಟ್ರಸ್ಟುಗಳು ತಮ್ಮ ಮುಂದಿನ ಸಭೆಯಲ್ಲಿಯೇ ಕೈಗೆತ್ತಿಕೊಳ್ಳುವುದು ಯುಕ್ತ.