‘ಆದರೂ’ ಎಂಬ ಹೊಗಳಿಕೆ

ಸಾಹಿತ್ಯ ಸಭೆಗಳಿಗೆ ಹೋಗಿ ಬರುವ ನಮ್ಮಂಥವರಿಗೆ ಒಂದು ವಾಕ್ಯ ಬಾಯಿಪಾಠವಾಗಿಬಿಟ್ಟಿದೆ. ನಿರೂಪಕರು ನಮ್ಮನ್ನು ಪರಿಚಯಿಸುತ್ತ, ‘ಇವರು ಮುಸ್ಲಿಮರಾದರೂ ಎಷ್ಟು ಸೊಗಸಾಗಿ ಕನ್ನಡ ಬರೆಯುತ್ತಾರೆ!’ ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ನಾವೂ ಎದ್ದು ಕೈಮುಗಿಯುತ್ತೇವೆ. ಹಾಗೆಂದವರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರುವುದಿಲ್ಲ, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅವರು ಬಳಸಿದ ಆ ಮೂರಕ್ಷರದ ಪದ ಅವರು ಹೇಳಬಯಸದ ಮಾತನ್ನೂ ಹೇಳಿಬಿಡುತ್ತದೆ.

‘ಮಳೆ ಬಂದರೂ ಹುಡುಗ ಶಾಲೆಗೆ ಹೋದ’ ಎಂದಾಗ, ಮಳೆ ಬಂದರೆ ಶಾಲೆಗೆ ಹೋಗದಿರುವುದೇ ವಾಡಿಕೆ ಎಂದು ಕೇಳಿದವರು ತಾವಾಗಿಯೇ ತಿಳಿಯುತ್ತಾರೆ. ಯಾರೂ ಅದನ್ನು ಬಿಡಿಸಿ ಹೇಳಬೇಕಿಲ್ಲ. ‘ಮುಸ್ಲಿಮರಾದರೂ ಕನ್ನಡ ಬರೆಯುತ್ತಾರೆ’ ಎಂಬಲ್ಲಿ ಮಳೆಯ ಜಾಗದಲ್ಲಿ ನಿಂತಿರುವುದು ನಮ್ಮ ಮುಸ್ಲಿಮತನ. ಕನ್ನಡಕ್ಕೆ ಅದು ಅಡ್ಡಿ, ಅದನ್ನು ದಾಟಿ ಬಂದ ಒಬ್ಬಿಬ್ಬರಷ್ಟೇ ಇವರು ಎಂಬ ಅರ್ಥ ಸದ್ದಿಲ್ಲದೆ ಒಳಗೆ ಬಂದು ಕೂರುತ್ತದೆ.

‘ಬೇಂದ್ರೆಯವರ ಮನೆಮಾತು ಮರಾಠಿಯಾದರೂ ಕನ್ನಡದಲ್ಲಿ ಬರೆದರು’ ಎನ್ನುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಎನ್ನುತ್ತೇವೆ, ಅದು ಸರಿಯಾಗಿಯೇ ಇದೆ. ಅಲ್ಲಿ ‘ಆದರೂ’ ಅಂಟಿಕೊಂಡಿರುವುದು ಭಾಷೆಗೆ. ಒಂದು ಭಾಷೆಯ ಮನೆಯಿಂದ ಇನ್ನೊಂದಕ್ಕೆ ನಡೆದು ಬರಲು ಶ್ರಮ ಬೇಕು. ‘ಮನೆಮಾತು ಉರ್ದುವಾದರೂ’ ಎಂದರೆ ನಮ್ಮದೇನೂ ತಕರಾರಿಲ್ಲ. ಧರ್ಮಕ್ಕೆ ಅದನ್ನು ಅಂಟಿಸಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಪಿಂಜಾರ, ನದಾಫರ ಮನೆಗಳಲ್ಲಿ ಆಡುವುದೇ ಕನ್ನಡ. ಅವರು ಯಾವ ಅಡ್ಡಿಯನ್ನು ದಾಟಿ ಬರಬೇಕು?

ಒಂದೇ ಒಂದು ‘ಊ’ಕಾರವೂ ಇದೇ ಕೆಲಸ ಮಾಡಬಲ್ಲದು. ‘ನೆರೆ ಸಂತ್ರಸ್ತರಿಗೆ ಮುಸ್ಲಿಮರೂ ಅನ್ನ ಹಂಚಿದರು.’ ಎಲ್ಲರ ಜೊತೆಗೆ ಇವರೂ ಎಂದು ಓದಿದರೆ ಅದು ಸೌಹಾರ್ದ. ‘ಅಬ್ಬಾ, ಇವರೂ!’ ಎಂದು ಓದಿದರೆ ಬೆರಗು. ಬರೆದವರು ಮೊದಲನೆಯದನ್ನು ಉದ್ದೇಶಿಸಿದರೂ ಓದುಗರ ಕಿವಿಗೆ ಎರಡನೆಯದು ಬೀಳಬಹುದು.

ಇನ್ನು ‘ಅನ್ಯಕೋಮಿನ ಯುವಕ’. ಪತ್ರಿಕೆಗಳ ಈ ಪದ ಓದಿದಾಗಲೆಲ್ಲ ನಮಗೆ ಉರ್ದು ಶಾಲೆಯ ಅಂಗಳ ನೆನಪಾಗುತ್ತದೆ. ‘ಕೋಮು’ ಎಂಬುದು ಅರಬಿಯ ‘ಕೌಮ್’. ಶಾಲೆಯಲ್ಲಿ ರಾಷ್ಟ್ರಗೀತೆಯನ್ನು ನಾವು ‘ಕೌಮಿ ತರಾನಾ’ ಎನ್ನುತ್ತಿದ್ದೆವು. 1938ರಲ್ಲಿ ದೇವಬಂದಿನ ಮೌಲಾನಾ ಹುಸೇನ್ ಅಹ್ಮದ್ ಮದನಿಯವರು, ಈ ಕಾಲದಲ್ಲಿ ಕೌಮ್ ರೂಪುಗೊಳ್ಳುವುದು ನೆಲದಿಂದ, ಆದ್ದರಿಂದ ಈ ದೇಶದ ಹಿಂದೂ ಮುಸ್ಲಿಮರದು ಒಂದೇ ಕೌಮ್ ಎಂದು ವಾದಿಸಿದರು. ಕವಿ ಇಕ್ಬಾಲರು ಅದನ್ನು ಕಟುವಾಗಿ ವಿರೋಧಿಸಿದರು. ಮದನಿಯವರ ಲೆಕ್ಕದಲ್ಲಿ ಪಕ್ಕದ ಬೀದಿಯ ಹುಡುಗ ‘ಅನ್ಯಕೋಮಿನವ’ ಆಗಲು ಸಾಧ್ಯವೇ ಇಲ್ಲ. ರಾಷ್ಟ್ರಗೀತೆಗೆ ಹೆಸರಾದ ಪದವೇ ಕನ್ನಡಕ್ಕೆ ಬಂದು ಗಲಭೆ, ದ್ವೇಷಗಳ ಜೊತೆ ಸಂಸಾರ ಹೂಡಿತು. ಹಾಗೆಂದು ಬೆರಳನ್ನು ಆಚೆಗಷ್ಟೇ ತೋರಿಸುವಂತಿಲ್ಲ. ನಮ್ಮ ಮನೆಗಳಲ್ಲೂ ನೆರೆಯವರನ್ನು ‘ಗೈರ್ ಕೌಮ್’ ಎನ್ನುವುದುಂಟು. ಎರಡರ ಅರ್ಥವೂ ಒಂದೇ.

ನಮ್ಮದೇ ಇನ್ನೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆರಂಭದ ದಿನಗಳ ಒಂದು ಕಥೆಯಲ್ಲಿ ನಾವು, ‘ದಲಿತ ಕೇರಿಯ ಮನೆಯಾದರೂ ಅಂಗಳ ಸಾರಿಸಿ ಚೊಕ್ಕಟವಾಗಿತ್ತು’ ಎಂದು ಬರೆದಿದ್ದೆವು. ಗೌರವದಿಂದಲೇ ಬರೆದದ್ದು. ಕಥೆ ಓದಿದ ಶಾಲಾ ಮಾಸ್ತರರೊಬ್ಬರು ಸಭೆ ಮುಗಿದ ಮೇಲೆ ಹತ್ತಿರ ಬಂದು, ‘ಸರ್, ನಮ್ಮ ಅಂಗಳ ಹೇಗಿರಬೇಕಿತ್ತು?’ ಎಂದು ಮೆಲ್ಲಗೆ ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಸಂಕಲನ ತರುವಾಗ ಆ ಪದವನ್ನು ಹೊಡೆದು ಹಾಕಿದೆವು. ವಾಕ್ಯಕ್ಕೆ ಏನೂ ಕೊರತೆಯಾಗಲಿಲ್ಲ.

ಇದು ಬರೀ ವ್ಯಾಕರಣದ ಜಗಳವೇ? ಅಲ್ಲವೆಂದು 2025 ತೋರಿಸಿತು. ಆ ವರ್ಷದ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರು ಅನುವಾದಿಸಿದ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಇದು ಮೊದಲನೆಯದು. ‘ಮುಸ್ಲಿಂ ಮಹಿಳೆಯಾದರೂ’ ಎಂಬ ಹೊಗಳಿಕೆ ಕೇಳಿಬಂತು. ಕೆಲವೇ ತಿಂಗಳಲ್ಲಿ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಆಹ್ವಾನಿಸಿದಾಗ, ‘ಮುಸ್ಲಿಮರಾದ ಇವರು ಹೇಗೆ?’ ಎಂಬ ಆಕ್ಷೇಪವೂ ಎದ್ದಿತು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದರು ಅದೇ ದಸರಾ ಉದ್ಘಾಟಿಸಿದ್ದರೆಂಬುದೂ ಆಕ್ಷೇಪಿಸಿದವರಿಗೆ ಸಾಕಾಗಲಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟುಗಳೆರಡೂ ಅರ್ಜಿಗಳನ್ನು ತಳ್ಳಿಹಾಕಿದ ಮೇಲೆ ಸೆಪ್ಟೆಂಬರ್ 22ರಂದು ಅವರು ಉದ್ಘಾಟಿಸಿದರು. ಹೊಗಳಿದವರೂ ತಡೆದವರೂ ಬೇರೆ ಬೇರೆ ಜನ. ಆದರೆ ‘ಇವರು ಸಹಜವಾಗಿ ಇಲ್ಲಿಯವರಲ್ಲ’ ಎಂಬ ಎಣಿಕೆ ಇಬ್ಬರ ಮಾತಿನಲ್ಲೂ ಇತ್ತು. ಪ್ರೀತಿಯಿಂದ ಬಿತ್ತಿದ ಪದದ ಫಸಲನ್ನು ದ್ವೇಷ ಕೊಯ್ದುಕೊಳ್ಳುವುದು ಹೀಗೆ.

ಈ ಬಗೆಯ ಹೊಗಳಿಕೆಯಿಂದ ಲೇಖಕರಿಗೆ ಇನ್ನೊಂದು ನಷ್ಟವೂ ಇದೆ. ಬರೆದದ್ದೇ ಪವಾಡವಾದರೆ, ಏನು ಬರೆದರು ಎಂದು ಯಾರು ಓದುತ್ತಾರೆ? ಮುಂದಿನ ಸಭೆಯ ನಿರೂಪಕರಲ್ಲಿ ನಮ್ಮದೊಂದು ವಿನಂತಿಯಿದೆ. ನಮ್ಮ ಒಂದಾದರೂ ಕಥೆ ಓದಿ ಬನ್ನಿ. ‘ಕಥೆಯ ಕೊನೆ ಸರಿ ಬಂದಿಲ್ಲ’ ಎಂದು ವೇದಿಕೆಯಲ್ಲೇ ಹೇಳಿ. ಅಂದು ನಾವು ಇನ್ನಷ್ಟು ಸಂತೋಷದಿಂದ ಕೈಮುಗಿಯುತ್ತೇವೆ.