ಖರ್ಚು ಸಾಧನೆಯಲ್ಲ

ಹೋದ ವಾರ ಹೇಳಿದಂತೆ ಇವತ್ತು ಕೊನೆಯ ವೆಚ್ಚದ ಅಂದಾಜನ್ನು ಕುರಿತ ಹಳೆಯ ಜಗಳಕ್ಕೆ ಕೈಹಾಕಬೇಕಿತ್ತು. ಒಟ್ಟು ಬಜೆಟ್ಟನ್ನು ಸಿಪಿಐಯಿಂದ (ಗಳಿಕೆ ಮೌಲ್ಯವನ್ನು, ಎಂದರೆ ಮುಗಿದ ಕೆಲಸಕ್ಕೆ ಬಜೆಟ್ಟಿನಲ್ಲಿಟ್ಟ ಮೊತ್ತವನ್ನು, ಆದ ಖರ್ಚಿನಿಂದ ಭಾಗಿಸಿದ ಸೂಚ್ಯಂಕ) ಭಾಗಿಸಿದರೆ ಸಾಕು ಎನ್ನುವವರು ಒಂದು ಕಡೆ, ಸಿಪಿಐ ಜೊತೆ ಎಸ್‌ಪಿಐಯನ್ನೂ (ಅದೇ ಗಳಿಕೆಯನ್ನು ಅಷ್ಟರೊಳಗೆ ಯೋಜಿಸಿದ್ದ ಮೊತ್ತದಿಂದ ಭಾಗಿಸಿದ ಸೂಚ್ಯಂಕ) ಸೇರಿಸಬೇಕು ಎನ್ನುವವರು ಇನ್ನೊಂದು ಕಡೆ. ಅಷ್ಟರಲ್ಲಿ ನೀರಾವರಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರೊಬ್ಬರ ಕಾಗದ ಬಂತು. “ನಮ್ಮಲ್ಲಿ ಎಂ.ಬಿ. ಇದೆಯಲ್ಲ ಸ್ವಾಮಿ. ಅಳೆದದ್ದಕ್ಕೆ ಮಾತ್ರ ದುಡ್ಡು. ಅಮೆರಿಕದವರಿಂದ ಇದನ್ನು ಕಲಿಯುವ ಅಗತ್ಯ ನಮಗೇನಿದೆ?” ಎಂದು ಕೇಳಿದ್ದಾರೆ. ಸೂತ್ರದ ಜಗಳಕ್ಕಿಂತ ಈ ಪ್ರಶ್ನೆ ದೊಡ್ಡದು. ಜಗಳ ಮುಂದಿನ ವಾರಕ್ಕಿರಲಿ.

ಕಾಗದ ಬರೆದವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದೂ ಬಹಳ ಗಟ್ಟಿಯಾದ ಅರ್ಧ. ಎಂ.ಬಿ., ಅಂದರೆ ಅಳತೆ ಪುಸ್ತಕವೆಂಬುದು ನಮ್ಮ ಲೋಕೋಪಯೋಗಿ ಪದ್ಧತಿಯ ಅತ್ಯಂತ ಗೌರವದ ದಾಖಲೆ. ಪುಟಗಳಿಗೆ ಮೊದಲೇ ಅಚ್ಚಾದ ಸಂಖ್ಯೆ. ಹಾಳೆ ಹರಿಯುವಂತಿಲ್ಲ, ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಾದರೆ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಉದ್ದ, ಅಗಲ, ಆಳ ಒಂದೊಂದೂ ಸ್ಥಳದಲ್ಲೇ ಅಳೆದದ್ದು. ಅದರ ಮೇಲೆ ಮೇಲಧಿಕಾರಿ ಬಂದು ಒಂದಷ್ಟನ್ನು ಮರು ಅಳತೆ ಮಾಡಿ ನೋಡಬೇಕು. “ಸುಮಾರು ಮುಕ್ಕಾಲು ಭಾಗ ಆಗಿದೆ ಸಾರ್” ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಇನ್ನು ಅಮೆರಿಕದವರ ಗಳಿಕೆ ಮೌಲ್ಯದ ಪದ್ಧತಿ ನೋಡಿ: 1967ರಲ್ಲಿ ಅಲ್ಲಿಯ ರಕ್ಷಣಾ ಇಲಾಖೆ ತನ್ನ ಗುತ್ತಿಗೆದಾರರ ಮೇಲೆ 35 ಮಾನದಂಡಗಳನ್ನು ಹೇರಿತು. 1998ರ 748ನೇ ಸಂಖ್ಯೆಯ ಮಾನಕದಲ್ಲಿ ಅವು 32 ಆದವು. ಅವುಗಳ ಒಳಗಿನ ಜೀವ ಇದೇ: ಆದ ಕೆಲಸವನ್ನು ಅಳೆದು ಹೇಳು, ಅನ್ನಿಸಿದ್ದನ್ನು ಹೇಳಬೇಡ. 32 ಸೂತ್ರಗಳನ್ನು ಬಾಯಿಪಾಠ ಮಾಡಿ ಸರ್ಟಿಫಿಕೇಟು ಪಡೆದ ಎಷ್ಟೋ ಮಂದಿಗಿಂತ, ಬಿಸಿಲಲ್ಲಿ ಟೇಪು ಹಿಡಿದ ಜೂನಿಯರ್ ಎಂಜಿನಿಯರ್ ಗಳಿಕೆ ಮೌಲ್ಯಕ್ಕೆ ಹತ್ತಿರದವನು.

ಆದರೆ ಎಂ.ಬಿ. ಹೇಳುವುದು ಗುತ್ತಿಗೆದಾರನಿಗೆ ನಾವು ಎಷ್ಟು ಕೊಡಬೇಕು ಎಂಬುದನ್ನು. ಗಳಿಕೆ ಮೌಲ್ಯ ಹೇಳುವುದು ಯೋಜನೆ ಎಷ್ಟು ಮುಂದೆ ಹೋಯಿತು ಎಂಬುದನ್ನು. ಐಟಂ ದರದ ಗುತ್ತಿಗೆಯಲ್ಲಿ ಈ ಎರಡನ್ನೂ ಒಂದೇ ಎಂದುಕೊಂಡರೆ ಸಿಪಿಐ ಎಂದೆಂದಿಗೂ 1 ಆಗಿಯೇ ಇರುತ್ತದೆ. ಅಳೆದಷ್ಟಕ್ಕೆ ಬಿಲ್ಲು, ಬಿಲ್ಲಿನಷ್ಟು ಖರ್ಚು. ಎರಡೂ ಸಮ ಬರದೆ ಇನ್ನೇನಾದೀತು?

ಒಂದು ಲೆಕ್ಕ ಹಾಕೋಣ. ಒಂದು ಕಿಲೋಮೀಟರ್ ಕಾಲುವೆ, ಹತ್ತು ತಿಂಗಳು, ₹10 ಕೋಟಿ. ತಿಂಗಳಿಗೆ ನೂರು ಮೀಟರ್, ನೂರು ಮೀಟರಿಗೆ ಒಂದು ಕೋಟಿ. ಐದು ತಿಂಗಳಾಗಿದೆ. ಎಸ್ಟಿಮೇಟಿನಲ್ಲಿ ಮೆದು ಮಣ್ಣು ಎಂದಿದ್ದ ಕಡೆ ಗಟ್ಟಿ ಬಂಡೆ ಸಿಕ್ಕಿದೆ. ಅಗೆತ ನಿಧಾನವಾಗಿದೆ, ದರವೂ ಬೇರೆ. 400 ಮೀಟರ್ ಮುಗಿದಿದೆ. ಆರ್.ಎ. (ಚಾಲ್ತಿ ಲೆಕ್ಕದ) ಬಿಲ್ಲುಗಳ ಮೊತ್ತ ₹5 ಕೋಟಿ. ಇಲ್ಲಿ ಯಾರೂ ಕದ್ದಿಲ್ಲ. ಪ್ರತಿ ರೂಪಾಯಿಗೂ ಎಂ.ಬಿ.ಯಲ್ಲಿ ಅಳತೆ ಇದೆ, ಸಹಿ ಇದೆ. ಈಗ ಈ ಕೆಲಸ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗೆ ಹೋಗುತ್ತದೆ. ಆರ್ಥಿಕ ಗುರಿ 5 ಕೋಟಿ, ಆರ್ಥಿಕ ಸಾಧನೆ 5 ಕೋಟಿ, ಶೇ 100. ಅಧ್ಯಕ್ಷರು ಮುಂದಿನ ಇಲಾಖೆಯ ಹೆಸರು ಕರೆಯುತ್ತಾರೆ. ಅನುದಾನ ಖರ್ಚು ಮಾಡದೆ ಉಳಿಸಿಕೊಂಡ ಇನ್ನೊಬ್ಬ ಅಧಿಕಾರಿಗೆ ಛೀಮಾರಿ.

ಅದೇ ಕಾಲುವೆಯನ್ನು ಗಳಿಕೆಯ ಕಣ್ಣಿನಿಂದ ನೋಡಿ. ಮುಗಿದ 400 ಮೀಟರಿಗೆ ಬಜೆಟ್ಟಿನಲ್ಲಿ ಇಟ್ಟಿದ್ದು 4 ಕೋಟಿ. ಗಳಿಕೆ ಅಷ್ಟೇ. ಬಂಡೆ ತಿಂದ ಒಂದು ಕೋಟಿ ಖರ್ಚಿನ ಕಡೆಗೆ ಮಾತ್ರ ಹೋಗಬೇಕು. ಸಿಪಿಐ 0.8. ಇದೇ ಗತಿಯಲ್ಲಿ ನಡೆದರೆ ಕಾಲುವೆ ಮುಗಿಯುವಾಗ ಖರ್ಚು 12.5 ಕೋಟಿ. ಹತ್ತು ಕೋಟಿಯಲ್ಲೇ ಮುಗಿಸುತ್ತೇನೆ ಎನ್ನುವವರು ಉಳಿದ 5 ಕೋಟಿಯಲ್ಲಿ 6 ಕೋಟಿಯ ಕೆಲಸ ತೆಗೆಯಬೇಕು. ಇಲ್ಲಿಯವರೆಗೆ ರೂಪಾಯಿಗೆ 80 ಪೈಸೆಯ ಕೆಲಸ ಮಾಡಿಸಿದವರು ಇನ್ನು ಮುಂದೆ ರೂಪಾಯಿಗೆ 1 ರೂಪಾಯಿ 20 ಪೈಸೆಯ ಕೆಲಸ ಮಾಡಿಸುತ್ತಾರಂತೆ. ಹೇಗೆ ಎಂಬ ಪ್ರಶ್ನೆ ಐದನೇ ತಿಂಗಳಲ್ಲೇ ಏಳಬೇಕು. ನಮ್ಮಲ್ಲಿ ಅದು ಏಳುವುದು ಪರಿಷ್ಕೃತ ಎಸ್ಟಿಮೇಟು ಮಂಜೂರಾತಿಗೆ ಬಂದಾಗ.

ಕೆಡಿಪಿ ತಃಖ್ತೆಯಲ್ಲಿ ಭೌತಿಕ ಸಾಧನೆಯ ಕಾಲಂ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. 500 ಮೀಟರಿಗೆ 400 ಮೀಟರ್ ಎಂದು ಅಲ್ಲಿ ನಿಜವನ್ನೇ ಬರೆದಿರುತ್ತದೆ. ಆದರೆ ಕಾಲುವೆ ಮೀಟರಿನಲ್ಲಿ, ಶಾಲಾ ಕೊಠಡಿ ಸಂಖ್ಯೆಯಲ್ಲಿ, ರಸ್ತೆ ಕಿಲೋಮೀಟರಿನಲ್ಲಿ ಇರುವಾಗ ಅವನ್ನು ಕೂಡುವುದು ಹೇಗೆ? ಕೂಡಲು ಬರುವುದು ರೂಪಾಯಿ ಒಂದೇ. ಹಾಗಾಗಿ ಸಭೆ ಖರ್ಚನ್ನೇ ಕೂಡಿ ಅದನ್ನೇ ಜಿಲ್ಲೆಯ ಪ್ರಗತಿ ಎಂದು ಕರೆಯುತ್ತದೆ. ಮಾರ್ಚ್ ತಿಂಗಳ ಬಿಲ್ಲಿನ ನೂಕುನುಗ್ಗಲಿಗೆ ಮೂಲ ಇಲ್ಲಿದೆ. ಕೆಲಸವನ್ನೇ ರೂಪಾಯಿಗೆ ತಿರುಗಿಸಿ, ಅದನ್ನು ಖರ್ಚಿನ ರೂಪಾಯಿಯಿಂದ ಬೇರೆ ಇಡುವುದು ಗಳಿಕೆ ಮೌಲ್ಯದ ಇಡೀ ಜಾಣ್ಮೆ.

ಎಂ.ಬಿ. ಬಳಸಿ ಗಳಿಕೆ ಲೆಕ್ಕ ಹಾಕುವವರು ಇನ್ನೂ ಕೆಲವು ಕಡೆ ಎಚ್ಚರವಾಗಿರಬೇಕು. ಹೆಚ್ಚುವರಿ ಪ್ರಮಾಣ, ಎಕ್ಸ್‌ಟ್ರಾ ಐಟಂ ಇವೆಲ್ಲ ಬಜೆಟ್ಟು ಅಧಿಕೃತವಾಗಿ ಬದಲಾಗುವವರೆಗೆ ಗಳಿಕೆಯಲ್ಲ. ಸೈಟಿನಲ್ಲಿ ಬಿದ್ದಿರುವ ಕಬ್ಬಿಣಕ್ಕೆ ಕೊಟ್ಟ ಸೆಕ್ಯೂರ್ಡ್ ಅಡ್ವಾನ್ಸ್, ಮೊಬಿಲೈಸೇಷನ್ ಅಡ್ವಾನ್ಸ್ ಗಳಿಕೆಯಲ್ಲ. ಟೆಂಡರಿನಲ್ಲಿ ಮಣ್ಣು ಅಗೆತದ ದರ ಏರಿಸಿ, ಕೊನೆಯಲ್ಲಿ ಬರುವ ಕೆಲಸಗಳ ದರ ಇಳಿಸಿದ ಗುತ್ತಿಗೆದಾರನ ಕೆಲಸ ಮೊದಲ ಆರು ತಿಂಗಳು ಬಹಳ ಚೆಂದ ಕಾಣುತ್ತದೆ. ಅಂಥ ಕಡೆ ಟೆಂಡರ್ ದರ ಬಿಟ್ಟು ಇಲಾಖೆಯ ಎಸ್ಟಿಮೇಟಿನ ದರದಲ್ಲೇ ಗಳಿಕೆ ಹಾಕಿ.

ಲೆಕ್ಕ ಕಣ್ಣೆದುರಿಗೇ ಇದ್ದೂ ಯಾರೂ ನೋಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನೌಕಾಪಡೆಯ ಎ-12 ವಿಮಾನದ ಕಥೆಯನ್ನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ನನಗೆ ಸಾಲದು. 1988ರ ಜನವರಿಯಲ್ಲಿ ಮೆಕ್‌ಡೊನೆಲ್ ಡಗ್ಲಸ್ ಮತ್ತು ಜನರಲ್ ಡೈನಮಿಕ್ಸ್ ಕಂಪನಿಗಳಿಗೆ ಗುತ್ತಿಗೆ ಸಿಕ್ಕಿತು. ಕಟ್ಟುನಿಟ್ಟಾದ ಗೋಪ್ಯ ಯೋಜನೆ, ಮೇಲ್ಮಿತಿ ಇದ್ದ ಬೆಲೆ. 1990ರ ಏಪ್ರಿಲ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಡಿಕ್ ಚೇನಿ ಯೋಜನೆ ಸರಿಯಾಗಿದೆ ಎಂಬ ಭರವಸೆಯನ್ನು ಸಂಸತ್ತಿಗೆ ಕೊಟ್ಟರು. ಜೂನ್ ಹೊತ್ತಿಗೆ, ಆ ಬೆಲೆಯಲ್ಲಿ ಆ ಅವಧಿಯಲ್ಲಿ ಆಗದು ಎಂದು ಕಂಪನಿಗಳೇ ಹೇಳಿದವು. ಅದೇ ವರ್ಷದ ನವೆಂಬರಿನಲ್ಲಿ ಚೆಸ್ಟರ್ ಪಾಲ್ ಬೀಚ್ ಸಲ್ಲಿಸಿದ ತನಿಖಾ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಗಳಿಕೆಯ ಅಂಕಿಗಳು ತಿಂಗಳು ತಿಂಗಳೂ ಬರುತ್ತಿದ್ದವು, ವೆಚ್ಚ ಮೀರುವ ಸೂಚನೆ ಅವುಗಳಲ್ಲೇ ಇತ್ತು. ವಿಶ್ಲೇಷಕರ ಅಂದಾಜುಗಳನ್ನು ಬದಿಗಿಟ್ಟು ಆಶಾವಾದದ ಅಂದಾಜನ್ನು ಮೇಲೆ ಕಳಿಸಲಾಗಿತ್ತು. 1991ರ ಜನವರಿ 7ರಂದು ಚೇನಿ ಇಡೀ ಯೋಜನೆಯನ್ನೇ ರದ್ದು ಮಾಡಿದರು. ಒಂದೇ ಒಂದು ವಿಮಾನವೂ ಹಾರಲಿಲ್ಲ. ಮೊಕದ್ದಮೆ ರಾಜಿಯಾದದ್ದು 2014ರಲ್ಲಿ.

ಆ ಸೋಲಿನ ನಂತರ ಸಂಶೋಧಕ ಡೇವಿಡ್ ಕ್ರಿಸ್ಟೆನ್ಸನ್ ಮತ್ತು ಜೊತೆಗಾರರು ಹಳೆಯ ರಕ್ಷಣಾ ಗುತ್ತಿಗೆಗಳನ್ನು ಕೆದಕಿ ನೋಡಿದರು. ಕೆಲಸ ಶೇ 20ರಷ್ಟು ಮುಗಿದ ಮೇಲೆ ಒಟ್ಟಾರೆ ಸಿಪಿಐ ಶೇ 10ಕ್ಕಿಂತ ಹೆಚ್ಚು ಬದಲಾಗುವುದು ಅಪರೂಪ, ಬದಲಾದರೂ ಸಾಮಾನ್ಯವಾಗಿ ಕೆಳಗೇ ಇಳಿಯುತ್ತದೆ ಎಂದು ಕಂಡುಕೊಂಡರು. ಈ ನಿಯಮ ಎಲ್ಲ ಬಗೆಯ ಯೋಜನೆಗೂ ಹೊಂದುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ತಕರಾರು ತೆಗೆದಿವೆ. ತಕರಾರು ನ್ಯಾಯವಾದದ್ದೇ. ಆದರೂ “ಕೊನೆಯ ಹಂತದಲ್ಲಿ ಸರಿದೂಗಿಸುತ್ತೇವೆ” ಎನ್ನುವವರ ಮುಂದೆ ಕ್ರಿಸ್ಟೆನ್ಸನ್ ಅವರ ಲೆಕ್ಕ ಇಟ್ಟು ಪುರಾವೆ ಕೇಳುವ ಹಕ್ಕು ನಮಗಿದೆ.

ಯೋಜನೆಯ ಸ್ಥಿತಿಯನ್ನು ಬಣ್ಣದಲ್ಲೇ ಹೇಳುವ ಪಂಥದವರ ಮೇಲೆ ನನಗಿರುವ ಸಿಟ್ಟೂ ಪುರಾವೆಯಿಲ್ಲದ ಇಂಥ ಭರವಸೆಯ ಕಾರಣಕ್ಕೇ. ಬೆಂಗಳೂರಿನ ಕಚೇರಿಗಳ ಗೋಡೆಪರದೆಗಳಲ್ಲಿ ಯೋಜನೆಗಳೆಲ್ಲ ಹಸಿರು, ಹಳದಿ, ಕೆಂಪು. ಹಸಿರು ಬಳಿಯಲು ಯಾವ ಅಳತೆ ಬೇಕು? ಮ್ಯಾನೇಜರನ ಧೈರ್ಯ ಸಾಕು. ಬಣ್ಣದಿಂದ ಕೊನೆಯ ವೆಚ್ಚ ಲೆಕ್ಕಹಾಕಲು ಬರುವುದಿಲ್ಲ, ಎರಡು ಹಸಿರನ್ನು ಕೂಡಲೂ ಬರುವುದಿಲ್ಲ. ತಂತ್ರಾಂಶದ ಕೆಲಸವನ್ನು ಟೇಪಿನಿಂದ ಅಳೆಯಲಾಗದು ಎಂಬುದು ಅವರ ಉತ್ತರ. ಅದಕ್ಕೆ ನಮ್ಮಲ್ಲಿ ಹಳೆಯ ಉಪಾಯವಿದೆ: ಕೆಲಸವನ್ನು ಎರಡು ಮೂರು ವಾರದ ತುಂಡುಗಳಾಗಿ ಒಡೆಯಿರಿ, ತುಂಡು ಪೂರ್ತಿ ಮುಗಿದು ಪರೀಕ್ಷೆ ಪಾಸಾಗುವವರೆಗೆ ಗಳಿಕೆ ಸೊನ್ನೆ, ಪಾಸಾದ ಮೇಲೆ ನೂರು. ಶೇ 90 ಎಂಬ ಅಂಕಿ ಹುಟ್ಟುವುದಕ್ಕೆ ಜಾಗವೇ ಉಳಿಯದು.

ಗಳಿಕೆ ಮೌಲ್ಯದ ನಮ್ಮ ಪಂಥದಲ್ಲೂ ಹುಳುಕಿದೆ, ಬಚ್ಚಿಡುವುದಿಲ್ಲ. ಎಸ್‌ಪಿಐ ಎಷ್ಟೇ ತಡವಾದ ಯೋಜನೆಯಲ್ಲೂ ಕೊನೆಗೆ 1ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕಾಲುವೆ ಹನ್ನೆರಡೂವರೆ ತಿಂಗಳಿಗೆ ಮುಗಿದರೂ ಯೋಜಿಸಿದ್ದು 10 ಕೋಟಿ, ಗಳಿಸಿದ್ದು 10 ಕೋಟಿ. ತಡ ಎಲ್ಲಿ ಹೋಯಿತು? 2003ರಲ್ಲಿ ವಾಲ್ಟ್ ಲಿಪ್ಕೆ ಇದಕ್ಕೆ ಮದ್ದು ಕೊಟ್ಟರು: ಇಷ್ಟು ಗಳಿಕೆ ಯೋಜನೆಯ ಪ್ರಕಾರ ಯಾವ ದಿನಕ್ಕೆ ಬರಬೇಕಿತ್ತು ಎಂದು ಕೇಳಿ. ಐದನೇ ತಿಂಗಳಲ್ಲಿ ನಾವು ನಿಂತಿದ್ದು ನಾಲ್ಕನೇ ತಿಂಗಳ ಜಾಗದಲ್ಲಿ, ಅಂದರೆ ಒಂದು ತಿಂಗಳು ಹಿಂದೆ. ಈ ಲೆಕ್ಕ ಕೊನೆಯ ದಿನದವರೆಗೂ ತಡವನ್ನು ತೋರಿಸುತ್ತದೆ.

ಖರ್ಚನ್ನು ಆದ ಕೆಲಸದ ಪಕ್ಕದಲ್ಲೇ ಇಟ್ಟು ನೋಡಬೇಕೆಂಬ ಇನ್ನೊಂದು ಎಚ್ಚರ ಪತ್ರಿಕೆಯವರಿಗೆ. ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು ₹6,395 ಕೋಟಿ, 2017ರಲ್ಲಿ ಪೂರ್ಣಗೊಂಡಾಗ ₹13,845 ಕೋಟಿ. ಎರಡು ಪಟ್ಟಿಗೂ ಹೆಚ್ಚು ಎಂದು ಬರೆದವರು ಮಾರ್ಗದ ಉದ್ದ 33 ಕಿ.ಮೀ.ನಿಂದ 42.3 ಕಿ.ಮೀ.ಗೆ ಏರಿದ್ದನ್ನೂ ಅದೇ ಸಾಲಿನಲ್ಲಿ ಹೇಳಬೇಕು. ಕಿಲೋಮೀಟರಿಗೆ ಸುಮಾರು 194 ಕೋಟಿ ಇದ್ದದ್ದು 327 ಕೋಟಿಯಾಯಿತು. ಅದೂ ಸಣ್ಣ ಏರಿಕೆಯಲ್ಲ, ಆದರೆ ಎರಡು ಪಟ್ಟೂ ಅಲ್ಲ.

ಕಾಗದ ಬರೆದ ಹಿರಿಯರಿಗೆ, ಮತ್ತು ಇನ್ನೂ ಸೇವೆಯಲ್ಲಿರುವ ಅವರ ಕಿರಿಯರಿಗೆ ನನ್ನ ಕೋರಿಕೆ ಇಷ್ಟೇ. ಹೊಸ ತಂತ್ರಾಂಶ ಬೇಡ, ಸಲಹೆಗಾರರೂ ಬೇಡ. ಮುಂದಿನ ಕೆಡಿಪಿ ಸಭೆಗೆ ತಃಖ್ತೆ ತಯಾರಿಸುವಾಗ ಆರ್ಥಿಕ ಗುರಿ, ಆರ್ಥಿಕ ಸಾಧನೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಮುಗಿದ ಕೆಲಸಕ್ಕೆ ಮೂಲ ಎಸ್ಟಿಮೇಟಿನಲ್ಲಿದ್ದ ಮೊತ್ತವನ್ನು ಬರೆಯಿರಿ. ಅದಕ್ಕೆ ಬೇಕಾದ ಅಳತೆಗಳೆಲ್ಲ ನಿಮ್ಮ ಎಂ.ಬಿ.ಯಲ್ಲೇ ಇವೆ.