ಒಂದು ಕುರಿ, ಒಬ್ಬ ಹುಡುಗ

ವಿಜಾಪುರದಿಂದ ಅಥಣಿಯ ದಾರಿ ಹಿಡಿದು ಪಡುವಣಕ್ಕೆ ಹೊರಟರೆ ತಿಕೋಟಾ. ಬರದ ಸೀಮೆ. ಆದರೂ ದ್ರಾಕ್ಷಿ ಬೆಳೆಯುವ ಸೀಮೆ. ದ್ರಾಕ್ಷಿ ಪಡದಾಗ ದಿನಗೂಲಿಗೆ ಬಗ್ಗುವ ನಮ್ಮ ಮಂದಿಗೆ ಏಸು ಹೇಳಿದ ಒಂದು ಕಥೆಯನ್ನು ಯಾವ ಪಾದ್ರಿಯೂ ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಇಷ್ಟೇ. ದ್ರಾಕ್ಷಿ ತೋಟದ ಒಡೆಯ ಬೆಳಗಾಗುತ್ತಲೇ ಪೇಟೆಗೆ ಹೋಗಿ ಆಳು ಕರಕೊಂಡು ಬರುತ್ತಾನೆ. ಮತ್ತೆ ಮತ್ತೆ ಹೋಗುತ್ತಾನೆ. ಹೊತ್ತು ಮುಳುಗುವ ಮುಂದೆಯೂ ಕೆಲವರು ಅಲ್ಲೇ ನಿಂತಿದ್ದಾರೆ. ಯಾಕೆ ನಿಂತೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಸಂಜೆ ಎಲ್ಲರಿಗೂ ಒಂದೇ ಕೂಲಿ. ಮುಂಜಾನೆ ಬಂದವರು ಗೊಣಗುತ್ತಾರೆ.

ಈ ಕಥೆಯನ್ನು ನಾವು ಎರಡು ಕಡೆಯಿಂದ ಓದಬೇಕು. ಮೊದಲನೆಯದಾಗಿ, ಇಲ್ಲಿ ಮನುಷ್ಯನ ಬೆಲೆಯನ್ನು ಅವನ ಕೆಲಸದಿಂದ ಕಿತ್ತು ಬೇರೆ ಮಾಡಲಾಗಿದೆ. ಜಾತಿ ಅನ್ನೋದು ಮಾಡಿದ್ದೇ ಇದರ ಉಲ್ಟಾ. ತೊಗಲು ಹದಮಾಡುವವನ ಬೆಲೆ ತೊಗಲಿನಷ್ಟು, ಕಸ ಬಳಿಯುವವಳ ಬೆಲೆ ಕಸದಷ್ಟು. ಬಾಯಿಂದ ಒಬ್ಬ, ತೋಳಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ ಎಂದು ಹೇಳಿದ ನಾಡಿನಲ್ಲಿ, ಮನುಷ್ಯರೆಲ್ಲ ಒಂದೇ ದೇವರ ರೂಪದಲ್ಲಿ ಹುಟ್ಟಿದವರು ಎಂಬ ಬೈಬಲ್ಲಿನ ಮೊದಲ ಪುಟದ ಮಾತು ಸಣ್ಣದಲ್ಲ. ಆ ಪುಟದಲ್ಲಿ ಪಾದದಿಂದ ಹುಟ್ಟಿದವನಿಲ್ಲ. ಪಾದಕ್ಕೂ ಸೇರದೆ ಊರ ಹೊರಗೆ ಉಳಿದವನೂ ಇಲ್ಲ.

ಎರಡನೆಯದು ನಮ್ಮ ತಕರಾರು. ಗೊಣಗಿದವರಿಗೆ ಒಡೆಯ ಕೊಟ್ಟ ಉತ್ತರವೇನು? ನನ್ನ ದುಡ್ಡು, ನನ್ನ ಇಷ್ಟ ಎಂದು. ಅಲ್ಲಿಗೆ ಕೂಲಿ ದಯೆಯಾಯಿತು, ಹಕ್ಕಾಗಲಿಲ್ಲ. ದೇವರು ದಯೆಯಿಂದ ಕೊಟ್ಟ ಬೆಲೆ ದೊಡ್ಡದೇ ಇರಬಹುದು. ಆದರೆ ಆ ಮಾತನ್ನು ಒಡೆಯ ತನ್ನ ಬಾಯಿಗೆ ಹಾಕಿಕೊಂಡು, ನಾನು ಕೊಟ್ಟಷ್ಟು ತಗೋ ಅಂದರೆ ಏನು ಮಾಡೋದು? ದೇವರ ಮುಂದೆ ಕೈಮುಗಿಯುವುದು ಬೇರೆ, ದೇವರ ಹೆಸರು ಹೇಳಿಕೊಂಡು ಬಂದವನ ಮುಂದೆ ಕೈಮುಗಿಯುವುದು ಬೇರೆ. ಚರ್ಚಿನ ಚರಿತ್ರೆಯಲ್ಲಿ ಇವೆರಡೂ ಎಷ್ಟು ಸಲ ಒಂದಾಗಿವೆ!

ಇದಕ್ಕೆ ದೂರ ಹೋಗಬೇಕಿಲ್ಲ, ಧಾರವಾಡದವರೆಗೆ ಹೋದರೆ ಸಾಕು. 1856ರಲ್ಲಿ ಮಹಾರ ಜಾತಿಯ ಒಬ್ಬ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗಲಿಲ್ಲ, ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಆ ಸರ್ಕಾರ ನಡೆಸುತ್ತಿದ್ದವರು ಯಾರು? ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರುತ್ತಿದ್ದ ಕ್ರೈಸ್ತ ದೊರೆಗಳು. ಅವರ ತೀರ್ಮಾನದ ಸಾರ ಇದು: ನ್ಯಾಯ ಹುಡುಗನ ಕಡೆ ಇದ್ದರೂ ಇರಬಹುದು, ಆದರೆ ಒಬ್ಬನಿಗೋಸ್ಕರ ಶಾಲೆಯನ್ನು ಮೇಲ್ಜಾತಿಯವರು ಬಿಟ್ಟುಹೋಗುವಂತೆ ಮಾಡುವುದು ಸರಿಯಲ್ಲ. ಈ ಪ್ರಕರಣವನ್ನು ಅಂಬೇಡ್ಕರ್ ತಮ್ಮ ಬರಹದಲ್ಲಿ ಎತ್ತಿ ತೋರಿಸಿದ್ದಾರೆ.

ಒಬ್ಬನಿಗೋಸ್ಕರ! ಏಸು ಹೇಳಿದ ಇನ್ನೊಂದು ಕಥೆ ಆ ದೊರೆಗಳಿಗೆ ಗೊತ್ತಿರಲಿಲ್ಲವೇ? ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡರೆ ಕುರುಬ ತೊಂಬತ್ತೊಂಬತ್ತನ್ನು ಅಲ್ಲೇ ಬಿಟ್ಟು ಆ ಒಂದಕ್ಕಾಗಿ ಅಲೆಯುತ್ತಾನೆ. ದೊರೆಗಳು ತೊಂಬತ್ತೊಂಬತ್ತನ್ನು ಉಳಿಸಿಕೊಂಡು ಒಂದನ್ನು ಹೊರಗೆ ಹಾಕಿದರು. ಧಾರವಾಡದಲ್ಲಿ 1837ರಿಂದಲೇ ಬಾಸೆಲ್ ಮಿಶನ್ ಇತ್ತು. ಸುವಾರ್ತೆ ಊರಿಗೆ ಬಂದಿತ್ತು, ಕಚೇರಿಯೊಳಕ್ಕೆ ಹೋಗಿರಲಿಲ್ಲ. ಮನುಷ್ಯನ ಬೆಲೆಯನ್ನು ನಂಬುವುದಕ್ಕೂ ಆ ಬೆಲೆ ಕೊಡುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಆ ಹುಡುಗನನ್ನು ಕೇಳಬೇಕು. ಅವನ ಅರ್ಜಿ ಚರಿತ್ರೆಗೆ ಸೇರಿತು, ಅವನು ಶಾಲೆಗೆ ಸೇರಲಿಲ್ಲ.

ಇನ್ನು ಸ್ವಾತಂತ್ರ್ಯದ ಮಾತು. ತಪ್ಪಿಹೋದ ಮಗನ ಕಥೆ ಎಲ್ಲರಿಗೂ ಗೊತ್ತು. ಪಾಲು ಕೇಳಿದ ಮಗನಿಗೆ ಅಪ್ಪ ಪಾಲು ಕೊಟ್ಟು ಕಳಿಸುತ್ತಾನೆ. ಹಗ್ಗ ಹಾಕಿ ಕಟ್ಟುವುದಿಲ್ಲ, ಹಿಂದೆ ಆಳು ಅಟ್ಟುವುದಿಲ್ಲ. ಬೇಡ ಅನ್ನುವ ಹಕ್ಕನ್ನು ಮಗನಿಗೆ ಕೊಟ್ಟ ದೇವರು ಇವನು. ಸೋತು ಬಂದ ಮಗ ಆಳಾಗಿ ಇರತೀನಿ ಅನ್ನಬೇಕೆಂದುಕೊಂಡಿದ್ದರೆ, ಅಪ್ಪ ಅವನನ್ನು ಆಳಾಗಲು ಬಿಡುವುದಿಲ್ಲ. ಕಾಲಿಗೆ ಜೋಡು ತೊಡಿಸಿರಿ ಅನ್ನುತ್ತಾನೆ.

ಈ ಜೋಡಿನ ಮಾತು ಕೇರಿಯವರ ಎದೆಗೆ ನಾಟುವಂಥದ್ದು. ಊರೊಳಗೆ ಹೋಗುವಾಗ ಜೋಡು ಕೈಯಲ್ಲಿ ಹಿಡಕೊಂಡು ನಡೆದವರ ಮೊಮ್ಮಕ್ಕಳು ನಾವು. ಹರಳಯ್ಯ ತನ್ನ ತೊಡೆಯ ತೊಗಲಿನಿಂದ ಬಸವಣ್ಣನಿಗೆ ಜೋಡು ಮಾಡಿದ ಕಥೆ ಇದೇ ಸೀಮೆಯದು. ಅಲ್ಲಿ ಕೆಳಗಿನವನು ತನ್ನ ತೊಗಲನ್ನೇ ಕೊಟ್ಟ. ಇಲ್ಲಿ ಮೇಲಿನವನು ಬರಿಗಾಲಿಗೆ ಜೋಡು ತೊಡಿಸಿದ. ಎರಡೂ ಪ್ರೀತಿಯ ಕಥೆಗಳೇ. ಆದರೆ ಸಾವಿರ ವರ್ಷ ಕೊಟ್ಟೇ ದಣಿದವನಿಗೆ ಯಾವುದು ಹತ್ತಿರವಾದೀತು? ಕೇರಿಯವರು ಕ್ರಿಸ್ತನ ಕಡೆ ಹೋದದ್ದು ಹಾಲಿನ ಪುಡಿಗೆ, ಬಟ್ಟೆಗೆ ಎಂದು ಹಂಗಿಸುವವರು ಈ ಪ್ರಶ್ನೆಗೆ ಮೊದಲು ಉತ್ತರ ಹೇಳಲಿ.

ಹೋದವರಿಗೆ ಏನಾಯಿತು? 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಎಂದಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತ ಹೊರಗೇ ಉಳಿದ. ಮದರಾಸಿನ ಬೀದಿ ಬದಿಯಲ್ಲಿ ಜೋಡು ಹೊಲಿಯುತ್ತಿದ್ದ ಸೂಸೈ, ಹಿಂದೂ ಚಮ್ಮಾರರಿಗೆ ಕೊಟ್ಟಂತೆ ತನಗೂ ಪೆಟ್ಟಿಗೆ ಅಂಗಡಿ ಕೊಡಿರೆಂದು ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಸೋತ. ಧರ್ಮ ಬದಲಾದ ಮೇಲೂ ಅದೇ ಆಳದ ಜಾತಿಯ ನೋವು ಇದೆ ಎಂಬುದಕ್ಕೆ ಆಧಾರ ಸಾಲದು ಎಂದಿತು ನ್ಯಾಯಾಲಯ. ಆಧಾರ ಬೇಕಿದ್ದರೆ ಬೇರೆ ಬೇರೆ ಸ್ಮಶಾನಗಳನ್ನು, ಬೇರೆ ಬೇರೆ ಬೆಂಚುಗಳನ್ನು ನೋಡಬಹುದಿತ್ತು. ಈ ನಾಚಿಕೆ ಕೋರ್ಟಿನದಷ್ಟೇ ಅಲ್ಲ, ಚರ್ಚಿನದೂ ಹೌದು.

2022ರಲ್ಲಿ ನಮ್ಮ ರಾಜ್ಯವೇ ಮತಾಂತರದ ಮೇಲೆ ಕಾನೂನು ಮಾಡಿತು. ಅದರ ಪ್ರಕಾರ ಅಕ್ರಮ ಮತಾಂತರಕ್ಕೆ ಮೂರರಿಂದ ಐದು ವರ್ಷ ಜೈಲು. ಆದರೆ ಮತಾಂತರಗೊಂಡವರು ಮಕ್ಕಳು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರಾದರೆ ಹತ್ತು ವರ್ಷದವರೆಗೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿರಿ. ದಲಿತ ಯಾರ ಸಾಲಿನಲ್ಲಿ ನಿಂತಿದ್ದಾನೆ? ತಿಳುವಳಿಕೆ ಇಲ್ಲದವರ ಸಾಲಿನಲ್ಲಿ! ದೇವರು ಬೇಡ ಅನ್ನುವ ಹಕ್ಕನ್ನು ದೇವರೇ ಕೊಟ್ಟಿದ್ದರೆ, ಬೇಕು ಅನ್ನುವ ಹಕ್ಕನ್ನು ಜಿಲ್ಲಾಧಿಕಾರಿಗೆ ಒಂದು ತಿಂಗಳು ಮುಂಚೆ ತಿಳಿಸಬೇಕಂತೆ. 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಚಿವ ಸಂಪುಟ ಈ ಕಾನೂನನ್ನು ರದ್ದು ಮಾಡುವ ತೀರ್ಮಾನ ತಗೊಂಡಿತು. ಕಾನೂನು ರದ್ದು ಮಾಡಬಹುದು, ಆ ಪಟ್ಟಿ ಬರೆದ ಮನಸ್ಸನ್ನು ಯಾವ ಸಂಪುಟ ರದ್ದು ಮಾಡೀತು?

ಚರ್ಚಿಗೂ ನಮ್ಮದೊಂದು ಮಾತಿದೆ. ಅಸ್ಪೃಶ್ಯನ ಬೀಳಿಗೆ ಕಾರಣ ಅವನ ಪಾಪವಲ್ಲ, ಅವನ ಸುತ್ತಲಿನ ಸಮಾಜ ಎಂಬ ಅಂಬೇಡ್ಕರರ ಟೀಕೆಗೆ ಪ್ರವಚನ ಪೀಠ ಇನ್ನೂ ನೆಟ್ಟಗೆ ಉತ್ತರಿಸಿಲ್ಲ. ತುಳಿಸಿಕೊಂಡವನಿಗೆ ನೀನು ಪಾಪಿ ಎಂದು ಮೊದಲು ಹೇಳಿ, ಆಮೇಲೆ ಕ್ಷಮಿಸುವುದು ಯಾವ ಬಿಡುಗಡೆ? ತುಳಿದವನ ಪಾಪದ ಲೆಕ್ಕ ಯಾರು ತೆಗೆಯಬೇಕು?

ದೇವರು ಇದ್ದಾನೋ ಇಲ್ಲವೋ, ನಮ್ಮೊಳಗೇ ಜಗಳವಿದೆ. ಇರಲಿ. ಇದ್ದರೆ, ಹೊತ್ತು ಮುಳುಗುವವರೆಗೆ ಯಾರೂ ಕರೆಯದೆ ಪೇಟೆಯಲ್ಲಿ ನಿಂತವನ ಪಕ್ಕದಲ್ಲಿ ಅವನೂ ನಿಂತಿರಬೇಕು. ತೋಟದ ಒಡೆಯನ ಪಕ್ಕದಲ್ಲಿ ನಿಂತಿದ್ದರೆ ಅವನ ಹತ್ತಿರ ನಮಗೇನೂ ಕೆಲಸವಿಲ್ಲ.